ನಮ್ಮ ಮನೆಯ ಡಕೋಟ



ಹಳೆಯ ಬಸ್ಸೊಂದು ಗಡಗಡ ಶಬ್ದ ಮಾಡುತ್ತಾ ಮಾಣಿ ಜಂಕ್ಷನ್ನಿಗೆ ಬಂದರೆ ನಾವೆಲ್ಲ "ಬಂತು ನೋಡು ಡಕೋಟ" ಎಂದು ನಗುತ್ತೇವೆ. ನಾನೂ ಹಾಗೆ ನಕ್ಕವಳೇ. ಆದರೆ ಡಕೋಟ ಎಂಬುದು ಒಂದು ವಿಮಾನದ ಹೆಸರು ಎಂದು ದಸರಾ ರಜೆಯವರೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ವಿಮಾನವನ್ನು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಹಾರಿಸಲು ಹೋಗಿ ನಾನು ದೊಡ್ಡ ಅವಾಂತರ ಮಾಡಿದೆ. ಒಂದು ಸುಳ್ಳನ್ನೂ ಹೇಳಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಓದಿ ನಗಬಹುದು. ಆದರೆ ನನ್ನ ತಮ್ಮನ ಹತ್ತಿರ ಹೋಗಿ ಕೇಳಬೇಡಿ. ಅವನು ಎಲ್ಲವನ್ನೂ ಎರಡು ಪಟ್ಟು ಮಾಡಿ ಹೇಳುತ್ತಾನೆ.

ನನ್ನ ದೊಡ್ಡಮ್ಮನ ಮಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ನಾವು ಅವನನ್ನು ಅಣ್ಣ ಎನ್ನುತ್ತೇವೆ. ಅಣ್ಣ ಲ್ಯಾಪ್‌ಟಾಪ್ ತೆಗೆದುಕೊಂಡ ಮೇಲೆ ತನ್ನ ಹಳೆಯ ಕಂಪ್ಯೂಟರನ್ನು ನಮಗೆ ಕೊಟ್ಟ. ಅದರಲ್ಲಿ ಫ್ಲೈಟ್‌ಗಿಯರ್ ಎಂಬ ವಿಮಾನದ ಸಿಮ್ಯುಲೇಟರ್ ಹಾಕಿ ಕೊಟ್ಟ. ಸಿಮ್ಯುಲೇಟರ್ ಅಂದರೆ ಬರೀ ಆಟ ಅಲ್ಲ. ನಿಜವಾದ ವಿಮಾನ ಹೇಗೆ ಗಾಳಿಯಲ್ಲಿ ಏಳುತ್ತದೋ, ಹೇಗೆ ಬೀಳುತ್ತದೋ, ಅದನ್ನೇ ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತದೆ. ನಿಜವಾದ ಪೈಲಟ್‌ಗಳು ಕೂಡಾ ದೊಡ್ಡ ಸಿಮ್ಯುಲೇಟರಿನಲ್ಲಿ ಕೂತು ಅಭ್ಯಾಸ ಮಾಡುತ್ತಾರಂತೆ. ಫ್ಲೈಟ್‌ಗಿಯರ್‌ಗೆ ದುಡ್ಡು ಕೊಡಬೇಕಾಗಿಲ್ಲ. ಬೇರೆ ಬೇರೆ ದೇಶದ ಜನರು ತಮ್ಮ ಬಿಡುವಿನಲ್ಲಿ ಸೇರಿ ಮಾಡಿದ್ದು ಅದು. ಮೊದಲ ಆವೃತ್ತಿ ಬಂದದ್ದು 1997ರಲ್ಲಿ. ಅದರ ಜೊತೆಗೆ ಸೆಸ್ನಾ 172 ಎಂಬ ಸಣ್ಣ ವಿಮಾನ ಬರುತ್ತದೆ. ಬೇರೆ ವಿಮಾನ ಬೇಕಾದರೆ ನಾವೇ ತಂದು ಸೇರಿಸಬೇಕು.

ಒಂದು ಸಂಜೆ ನಾನು ಸೆಸ್ನಾ ಹಾರಿಸುವಾಗ ಅಜ್ಜ ಬಂದು ಹಿಂದೆ ನಿಂತರು. ಅಜ್ಜನಿಗೆ ಎಂಬತ್ತು ದಾಟಿದೆ. ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ಡಕೋಟ ಇಲ್ವಾ ಮಗಾ?" ಎಂದು ಕೇಳಿದರು. ನಾನು ಅಜ್ಜ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಗ ಅಜ್ಜ ಕಥೆ ಹೇಳಿದರು. ಬಜ್ಪೆಯ ವಿಮಾನ ನಿಲ್ದಾಣ ಶುರುವಾದದ್ದು 1951ನೇ ಡಿಸೆಂಬರ್ 25ರಂದು. ಆವತ್ತು ಪ್ರಧಾನಿ ಜವಾಹರಲಾಲ್ ನೆಹರು ಅವರು ಡಿಸಿ-3 ವಿಮಾನದಲ್ಲಿ ಬಂದು ಇಳಿದರು. ಆ ಡಿಸಿ-3ಕ್ಕೇ ಡಕೋಟ ಎಂಬ ಇನ್ನೊಂದು ಹೆಸರು. ಅಜ್ಜ ಆಗ ಸಣ್ಣ ಹುಡುಗ. ನೆಹರು ಅವರನ್ನು ನೋಡಲಿಲ್ಲ. ಆದರೆ ಆಮೇಲೆ ಎಷ್ಟೋ ಸಲ ತೋಟದಲ್ಲಿ ನಿಂತು ಅದರ ಶಬ್ದ ಕೇಳಿದ್ದರಂತೆ. "ಈಗಿನ ವಿಮಾನದ ಹಾಗೆ ಸುಯ್ಯ ಅಂತ ಹೋಗುವುದಲ್ಲ. ಗುರ್ರ್ ಅಂತ ಎದೆಗೆ ಕೇಳ್ತಿತ್ತು. ನಾವು ಹುಲ್ಲಿನ ಕಟ್ಟ ಬಿಸಾಡಿ ಅಂಗಳಕ್ಕೆ ಓಡ್ತಿದ್ದೆವು. ಆಮೇಲೆ ಅದು ಹಳೆಯದಾಯ್ತು ನೋಡು, ಹಳೆಯ ಗಾಡಿಗೆಲ್ಲ ಡಕೋಟ ಅಂತ ಹೆಸರು ಬಂತು" ಎಂದರು.

"ನಾನು ತೋರಿಸ್ತೇನೆ ಅಜ್ಜ" ಎಂದೆ. ಹೇಳುವುದು ಸುಲಭ.

ಫ್ಲೈಟ್‌ಗಿಯರ್‌ನ ಜಾಲತಾಣದಲ್ಲಿ ಡಿಸಿ-3 ಇತ್ತು. ಅಪ್ಪನ ಮೊಬೈಲಿನ ನೆಟ್ ಹಾಕಿ ಇಳಿಸಿದೆ. ಆವತ್ತಿನ ನೆಟ್ ಪೂರಾ ಖಾಲಿ. ವಿಮಾನ ಒಂದು ಜಿಪ್ ಫೈಲಿನಲ್ಲಿ ಬರುತ್ತದೆ. ಜಿಪ್ ಅಂದರೆ ಬಟ್ಟೆಗಳನ್ನು ಒತ್ತಿ ಒತ್ತಿ ಚೀಲಕ್ಕೆ ತುಂಬಿಸಿದ ಹಾಗೆ. ಅದನ್ನು ಬಿಡಿಸಿ ವಿಮಾನಗಳ ಫೋಲ್ಡರಿನಲ್ಲಿ ಇಟ್ಟೆ. ಫ್ಲೈಟ್‌ಗಿಯರ್ ತೆರೆದು ನೋಡಿದರೆ ಪಟ್ಟಿಯಲ್ಲಿ ಡಿಸಿ-3 ಇಲ್ಲವೇ ಇಲ್ಲ!

ಏನು ತಪ್ಪು ಎಂದು ಈಗ ಗೊತ್ತಿದೆ. ಬಿಡಿಸುವಾಗ ಫೋಲ್ಡರಿನ ಒಳಗೆ ಇನ್ನೊಂದು ಫೋಲ್ಡರ್ ಆಗಿತ್ತು. ಅಕ್ಕಿ ಡಬ್ಬದ ಒಳಗೆ ಸಣ್ಣ ಡಬ್ಬದಲ್ಲಿ ಸಕ್ಕರೆ ಇಟ್ಟರೆ ಮೇಲಿನ ಮುಚ್ಚಳ ತೆಗೆದು ನೋಡಿದವರಿಗೆ ಸಕ್ಕರೆ ಕಾಣುವುದಿಲ್ಲ ಅಲ್ವಾ, ಹಾಗೆ. ಆದರೆ ಆವತ್ತು ನನಗೆ ಅದು ಹೊಳೆಯಲಿಲ್ಲ. ಹೆಸರು ಸರಿ ಇಲ್ಲವೋ ಏನೋ ಎಂದು ಫೋಲ್ಡರಿಗೆ "ಡಕೋಟ" ಎಂದು ಹೊಸ ಹೆಸರು ಕೊಟ್ಟೆ. ಬರಲಿಲ್ಲ. ಒಳಗಿನದ್ದನ್ನು ಹೊರಗೆ ತಂದು ಅದಕ್ಕೂ ಅದೇ ಹೆಸರು ಕೊಟ್ಟೆ. ಈಗ ಪಟ್ಟಿಯಲ್ಲಿ ಬಂತು! ಸಂತೋಷದಲ್ಲಿ ಒತ್ತಿದೆ. ರನ್‌ವೇ ಬಂತು, ಆದರೆ ವಿಮಾನದ ಅರ್ಧ ಭಾಗವೇ ಕಾಣಲಿಲ್ಲ, ಶಬ್ದವೂ ಇಲ್ಲ. ವಿಮಾನದ ಫೈಲುಗಳು ಒಂದನ್ನೊಂದು ಫೋಲ್ಡರಿನ ಹೆಸರು ಹಿಡಿದು ಹುಡುಕುತ್ತವೆ. ನಾನು ಮನೆಯ ಹೆಸರನ್ನೇ ಬದಲಿಸಿದರೆ ಪೋಸ್ಟ್ ಬರುವುದು ಹೇಗೆ?

ಕಂಪ್ಯೂಟರಿನಲ್ಲಿ ಜಾಗ ಕಡಿಮೆ ಇದೆ ಎಂದು ಕೆಂಪು ಗೆರೆ ಬರುತ್ತಿತ್ತು. ಜಾಗ ಇಲ್ಲದ್ದಕ್ಕೇ ಹೀಗಾಗುತ್ತದೆ ಎಂದು ನಾನೇ ತೀರ್ಮಾನ ಮಾಡಿದೆ. ಫ್ಲೈಟ್‌ಗಿಯರ್‌ನ ಸ್ವಂತ ವಿಮಾನಗಳ ಫೋಲ್ಡರಿನಲ್ಲಿ "ಜೆನೆರಿಕ್" ಎಂಬ ಫೋಲ್ಡರ್ ಕಂಡಿತು. ಈ ಹೆಸರಿನ ವಿಮಾನ ಯಾವುದೂ ಇಲ್ಲವಲ್ಲ, ಇದು ಯಾಕೆ ಎಂದು ಡಿಲೀಟ್ ಒತ್ತಿದೆ. ಅದು ಅನುಮತಿ ಕೇಳಿತು. ಕೊಟ್ಟೆ.

ಆಮೇಲೆ ಸೆಸ್ನಾ ಕೂಡಾ ಸರಿಯಾಗಿ ಬರಲಿಲ್ಲ. ಏನೇನೋ ಎರರ್. ನನ್ನ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು. ಕಂಪ್ಯೂಟರ್ ಬಂದ್ ಮಾಡಿ, ಅದರ ಮೇಲೆ ಬಟ್ಟೆ ಹಾಕಿ, ಹೋಗಿ ಮಗ್ಗಿ ಬರೆಯಲು ಕೂತೆ. ಮಗ್ಗಿ ಬರೆಯಲು ಯಾರೂ ಹೇಳಿರಲಿಲ್ಲ.

ಶನಿವಾರ ಸಂಜೆ ಅಣ್ಣ ಮಂಗಳೂರಿನಿಂದ ಬಸ್ಸಿನಲ್ಲಿ ಬಂದ. ಆದಿತ್ಯವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದು, "ಎಂತ ಮಾರಾಯ್ತಿ ಇದು? ಎಂತ ಮಾಡಿದ್ದು ನೀನು?" ಎಂದು ಕೇಳಿದ.

"ಎಂತದೂ ಮಾಡ್ಲಿಲ್ಲ" ಎಂದೆ.

ಫ್ಲೈಟ್‌ಗಿಯರ್ ತನ್ನಷ್ಟಕ್ಕೇ ಒಂದು ದಿನಚರಿ ಬರೆಯುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಏನು ಹುಡುಕಿದೆ, ಏನು ಸಿಗಲಿಲ್ಲ ಎಂದು ಅದರಲ್ಲಿ ಇರುತ್ತದೆ. ಅಣ್ಣ ಅದನ್ನು ತೆರೆದ. ಸಾಲು ಸಾಲಾಗಿ "ಫೈಲ್ ಸಿಗಲಿಲ್ಲ" ಎಂದೇ ಇತ್ತು. "ಫೈಲುಗಳು ತಾನಾಗಿಯೇ ಮಾಯ ಆಗುದಿಲ್ಲ. ಯಾರಾದರೂ ಡಿಲೀಟ್ ಮಾಡಿದ್ದಾ?" ಎಂದು ಕೇಳಿದ.

ನನಗೆ ಆಗ ಹೇಳಬಹುದಿತ್ತು. ಬಾಯಿಗೆ ಬಂದದ್ದು ಮಾತ್ರ, "ನಾನಲ್ಲ. ತಮ್ಮ ಎಂತದಾದ್ರೂ ಒತ್ತಿರ್ಬೇಕು."

ನನ್ನ ತಮ್ಮ ಒಂದನೇ ಕ್ಲಾಸು. ಅಮ್ಮ ಅಡಿಗೆ ಮನೆಯಿಂದ ಬಂದು ಅವನಿಗೆ ಬೈದರು. ಅವನು "ನಾನು ಮುಟ್ಟಲೇ ಇಲ್ಲ" ಎಂದು ಬೊಬ್ಬೆ ಹಾಕಿ ಅತ್ತ. ಅಣ್ಣ ಮಾತ್ರ ತಲೆ ಅಲ್ಲಾಡಿಸಿ, "ಅವನಿಂದ ಆಗುದಿಲ್ಲ. ಅನುಮತಿ ಕೇಳಿದ್ದನ್ನು ಓದ್ಲಿಕ್ಕೆ ಅವನಿಗೆ ಬರುದಿಲ್ಲ. ಇದು ಹಾರ್ಡ್ ಡಿಸ್ಕೇ ಹಾಳಾಗ್ತಾ ಉಂಟು" ಎಂದ. ಡಿಸ್ಕ್ ಹಾಳಾದರೆ ಅದರಲ್ಲಿದ್ದ ಫೈಲುಗಳು ಒಂದೊಂದೇ ಹೋಗುತ್ತವಂತೆ. ಡಿಸ್ಕ್ ಪರೀಕ್ಷೆಗೆ ಹಾಕಿದ. ಅದು ಬಸವನ ಹುಳದ ಹಾಗೆ ನಡೆಯುತ್ತದೆ. ಎರಡು ಗಂಟೆ ಕಳೆಯಿತು. ಅಣ್ಣ ಹೊಳೆಗೆ ಹೋಗಲಿಕ್ಕೆಂದು ಬಂದವನು ಕಂಪ್ಯೂಟರಿನ ಎದುರೇ ಕೂತಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದ, "ಮಾವ... ಅಲ್ಲ ಚಿಕ್ಕಪ್ಪ, ಹೊಸ ಡಿಸ್ಕ್ ಹಾಕ್ಬೇಕು ಕಾಣ್ತದೆ." ಅವನಿಗೂ ತಲೆ ಕೆಟ್ಟು ಹೋಗಿತ್ತು.

ಅಪ್ಪ ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅಪ್ಪ ಬೈಯಲಿಲ್ಲ. ಸ್ವಲ್ಪ ಯೋಚಿಸಿ, "ತೋಟದ ಪಂಪ್ ರಿಪೇರಿಗೆ ಇಟ್ಟ ದುಡ್ಡು ಉಂಟು. ಪಂಪ್ ಇನ್ನೊಂದು ತಿಂಗಳು ಬೇಡ. ಹುಡುಗಿ ಕಲೀತಾಳಲ್ಲ, ಹಾಕಿಸುವ" ಎಂದರು.

ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ತಮ್ಮನ ಕಣ್ಣು ಇನ್ನೂ ಕೆಂಪಾಗಿತ್ತು. ನಾನು ತಟ್ಟೆ ನೋಡಿಕೊಂಡೇ, "ಡಿಸ್ಕ್ ಸರಿ ಉಂಟು. ಡಿಲೀಟ್ ಮಾಡಿದ್ದು ನಾನು" ಎಂದೆ. ಯಾರೂ ಮಾತಾಡಲಿಲ್ಲ. ಅಮ್ಮ ಬಡಿಸುವ ಸೌಟು ಹಿಡಿದುಕೊಂಡು ಹಾಗೇ ನಿಂತರು.

ಅಣ್ಣ ಕೈ ತೊಳೆದು ಬಂದು, "ಯಾವ ಫೋಲ್ಡರ್?" ಎಂದ. ನಾನು ಹೇಳಿದೆ. ಅವನು ರಿಸೈಕಲ್ ಬಿನ್ ತೆರೆದ. ಜೆನೆರಿಕ್ ಅಲ್ಲಿಯೇ ಇತ್ತು! ಒಂದು ಸಲ ಒತ್ತಿದ್ದಕ್ಕೆ ಅದು ತನ್ನ ಜಾಗಕ್ಕೆ ವಾಪಾಸು ಹೋಯಿತು. ಸೆಸ್ನಾ ಮೊದಲಿನ ಹಾಗೆ ಬಂದು ನಿಂತಿತು. ಒಂದು ನಿಮಿಷದ ಕೆಲಸ. "ನೋಡು, ಬಿನ್ನಿನಲ್ಲಿ ಇದ್ದರೆ ಜಾಗ ಕೂಡಾ ಉಳಿಯುದಿಲ್ಲ" ಎಂದು ಅಣ್ಣ ನಕ್ಕ. ಜೆನೆರಿಕ್ ಒಂದು ವಿಮಾನ ಅಲ್ಲ, ಆದರೆ ಬೇರೆ ಬೇರೆ ವಿಮಾನಗಳಿಗೆ ಬೇಕಾದ ಸಾಮಾನುಗಳು ಅದರಲ್ಲಿ ಇರುತ್ತವೆ. ಉಪ್ಪು ಒಂದು ಪದಾರ್ಥ ಅಲ್ಲ ಎಂದು ಉಪ್ಪಿನ ಭರಣಿಯನ್ನೇ ಬಿಸಾಡಿದ ಹಾಗೆ ನಾನು ಮಾಡಿದ್ದು.

ಆಮೇಲೆ ಅಣ್ಣ ನಗು ಬಿಟ್ಟು ಹೇಳಿದ, "ಡಿಲೀಟ್ ಮಾಡಿದ್ದು ದೊಡ್ಡ ತಪ್ಪಲ್ಲ. ನಾನೂ ಮಾಡಿದ್ದೇನೆ. ಆದರೆ ನೀನು ಲೊಟ್ಟೆ ಹೇಳಿದ್ದಕ್ಕೆ ನಾನು ಎರಡು ಗಂಟೆ ಇಲ್ಲದ ರೋಗ ಹುಡುಕಿದೆ. ಡಾಕ್ಟರ ಹತ್ತಿರ ಹೊಟ್ಟೆ ನೋವಿಗೆ ಕಾಲು ನೋವು ಅಂತ ಹೇಳಿದರೆ ಅವರು ಕಾಲಿಗೇ ಮದ್ದು ಕೊಡುದು." ಪೆಟ್ಟು ತಿಂದಿದ್ದರೆ ಇದಕ್ಕಿಂತ ಸುಲಭ ಇತ್ತು. ನಾನು ತಮ್ಮನ ಹತ್ತಿರ ಹೋಗಿ ತಪ್ಪಾಯ್ತು ಎಂದೆ. ಅವನು ಕೂಡಲೇ ಒಪ್ಪಲಿಲ್ಲ. ಇನ್ನು ಮೇಲೆ ಅವನೇ ಕೋಪೈಲಟ್, ಚಕ್ರ ಮಡಚುವ ಕೀ ಅವನೇ ಒತ್ತುವುದು ಎಂದ ಮೇಲೆ ಒಪ್ಪಿದ.

ಮತ್ತೆ ಅಣ್ಣ ನನ್ನ ಕೈಯಲ್ಲಿ ನೋಟು ಪುಸ್ತಕ ಕೊಟ್ಟು ಬರೆಸಿದ. ನಿಮಗೂ ಉಪಯೋಗ ಆಗಬಹುದೆಂದು ಇಲ್ಲಿ ಕೊಟ್ಟಿದ್ದೇನೆ.

1. ಹೊಸ ವಿಮಾನಗಳಿಗೆ ಬೇರೆಯೇ ಫೋಲ್ಡರ್ ಮಾಡಬೇಕು. ಅದು ಎಲ್ಲಿದೆ ಎಂದು ಫ್ಲೈಟ್‌ಗಿಯರ್ ತೆರೆದಾಗ ಬರುವ ಆಡ್-ಆನ್ಸ್ ಪುಟದಲ್ಲಿ ತೋರಿಸಬೇಕು. ಮೂಲ ಫೋಲ್ಡರಿಗೆ ಕೈ ಹಾಕಬಾರದು.

2. ಜಿಪ್ ಬಿಡಿಸಿದ ಮೇಲೆ ಒಳಗೆ ನೋಡಬೇಕು. ಹೆಸರಿನ ಕೊನೆಯಲ್ಲಿ "ಸೆಟ್" ಎಂದು ಇರುವ ಎಕ್ಸ್‌ಎಂಎಲ್ ಫೈಲು ಯಾವ ಫೋಲ್ಡರಿನಲ್ಲಿ ಇದೆಯೋ ಅದೇ ವಿಮಾನದ ಫೋಲ್ಡರ್. ಅದರ ಮೇಲೆ ಇನ್ನೊಂದು ಹೊದಿಕೆ ಇರಬಾರದು.

3. ಫೋಲ್ಡರಿಗೆ ಮಾಡಿದವರು ಇಟ್ಟ ಹೆಸರೇ ಇರಬೇಕು.

4. ವಿಮಾನವೂ ಫ್ಲೈಟ್‌ಗಿಯರೂ ಹೊಂದುವ ಆವೃತ್ತಿಯವು ಆಗಿರಬೇಕು.

5. ಕೆಟ್ಟರೆ ಮೊದಲು ಸೆಸ್ನಾ ಹಾರಿಸಿ ನೋಡಬೇಕು. ಸೆಸ್ನಾ ಸರಿ ಇದ್ದರೆ ತೊಂದರೆ ಹೊಸ ವಿಮಾನದಲ್ಲಿ. ಸೆಸ್ನಾವೂ ಕೆಟ್ಟಿದ್ದರೆ ತೊಂದರೆ ಬೇರೆ ಕಡೆ.

6. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಬರೆದಿಡಬೇಕು.

7. ಕೇಳಿದವರಿಗೆ ನಿಜ ಹೇಳಬೇಕು.

ಏಳನೆಯದನ್ನು ಅಣ್ಣ ಹೇಳಲಿಲ್ಲ. ನಾನೇ ಸೇರಿಸಿದ್ದು.

ಈ ಕ್ರಮದಲ್ಲಿ ಡಿಸಿ-3ನ್ನು ಪುನಃ ಹಾಕಿದೆವು. ಪೂರ್ತಿ ವಿಮಾನ ಬಂತು. ಮೂಗು ಮೇಲೆ, ಬಾಲ ನೆಲಕ್ಕೆ, ಕಪ್ಪೆ ಕೂತ ಹಾಗೆ! ಅದರ ಮೂರನೇ ಚಕ್ರ ಇರುವುದು ಬಾಲದ ಅಡಿಯಲ್ಲಿ. ಆದರೆ ಮಂಗಳೂರು ನಿಲ್ದಾಣ ಆರಿಸಿದರೆ ಸುತ್ತಲೂ ಬರೀ ಸಮುದ್ರ. ತಮ್ಮ "ಅಯ್ಯೋ, ಬಜ್ಪೆ ಮುಳುಗಿತು" ಎಂದ. ನಮ್ಮ ಕಂಪ್ಯೂಟರಿನಲ್ಲಿ ಈ ಕಡೆಯ ನೆಲದ ಚಿತ್ರ ಇರಲಿಲ್ಲ. ಅದನ್ನು ನೆಟ್ಟಿನಿಂದ ತರಿಸಬೇಕು. ಅಣ್ಣ ತನ್ನ ಮೊಬೈಲಿನ ನೆಟ್ ಕೊಟ್ಟ ಮೇಲೆ ಗುಡ್ಡ, ರನ್‌ವೇ, ದೂರದಲ್ಲಿ ನದಿ ಎಲ್ಲ ಬಂತು.

ಇಂಜಿನ್ ಚಾಲೂ ಮಾಡಿದರೆ ಒಂದೇ ತಿರುಗಿತು. ವಿಮಾನ ಇದ್ದಲ್ಲೇ ಗಾಣದ ಎತ್ತಿನ ಹಾಗೆ ಸುತ್ತಿತು. ಡಿಸಿ-3ಕ್ಕೆ ಎರಡು ಇಂಜಿನ್. ಒಂದೊಂದಕ್ಕೂ ಹದಿನಾಲ್ಕು ಸಿಲಿಂಡರ್, ಸುಮಾರು 1200 ಕುದುರೆ ಶಕ್ತಿ. ಎರಡನ್ನೂ ಆರಿಸಿದ ಮೇಲೆ ಚಾಲೂ ಕೊಡಬೇಕು. ನಾವು ಮೊದಲನೆಯದನ್ನು ಮಾತ್ರ ಆರಿಸಿದ್ದೆವು. ಅದು ಸರಿಯಾಯಿತು. ಆದರೂ ಶಬ್ದ ಇಲ್ಲ. ಲಾಗ್ ನೋಡಿದೆವು, ಅದರಲ್ಲಿ ಏನೂ ಇಲ್ಲ. ಸೆಸ್ನಾ ಹಾಕಿದೆವು, ಅದಕ್ಕೂ ಶಬ್ದ ಇಲ್ಲ. ಐದನೇ ನಿಯಮದ ಪ್ರಕಾರ ತೊಂದರೆ ಬೇರೆ ಕಡೆ. ಬಗ್ಗಿ ನೋಡಿದರೆ ಸ್ಪೀಕರಿನ ವಯರ್ ಕಿತ್ತು ಬಂದಿತ್ತು. ಈ ಸಲ ಕಾಲು ತಾಗಿಸಿದ್ದು ತಮ್ಮ. "ನಾನೇ" ಎಂದು ಅವನು ಕೂಡಲೇ ಒಪ್ಪಿಕೊಂಡ. ನನಗಿಂತ ಅವನೇ ವಾಸಿ.

ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿದೆವು. ಅಜ್ಜನಿಗೆ ಕಣ್ಣು ಈಗ ಮಂಜು. ಪರದೆಗೆ ಮುಖ ಹತ್ತಿರ ಮಾಡಿ, "ಬಾಲ ಕೆಳಗೆ ಉಂಟು, ಸರಿ" ಎಂದರು. ಎರಡು ಇಂಜಿನೂ ಗುರ್ರ್ ಎಂದಾಗ ಪರದೆ ನೋಡುವುದು ಬಿಟ್ಟು ಹಿಂದಕ್ಕೆ ಒರಗಿ ಕೂತರು. ಸ್ವಲ್ಪ ಹೊತ್ತು ಮಾತೇ ಇಲ್ಲ. ನಾನು ಬ್ರೇಕ್ ಬಿಟ್ಟೆ. ಡಿಸಿ-3 ಓಡುವಾಗ ಅಡ್ಡಡ್ಡ ಹೋಗುತ್ತದೆ, ಅದಕ್ಕೆ ಬಾಲದ ಚಕ್ರವನ್ನು ಲಾಕ್ ಮಾಡಿ ನೇರ ಹಿಡಿಯಬೇಕು. ಮೊದಲು ಬಾಲ ಎದ್ದಿತು, ಆಮೇಲೆ ಇಡೀ ವಿಮಾನ. ತಮ್ಮ ಚಕ್ರ ಮಡಚಿದ. ಅಜ್ಜ, "ಮಾಣಿ ಎಲ್ಲಿ? ನಮ್ಮ ತೋಟ ಎಲ್ಲಿ?" ಎಂದು ಕೇಳಿದರು. ನೇತ್ರಾವತಿಯ ಮೇಲೆಯೇ ಬಂದೆ. ಹಸಿರು ಬಿಟ್ಟರೆ ನಮ್ಮ ತೋಟ, ಮನೆ ಏನೂ ಅದರಲ್ಲಿ ಇಲ್ಲ. ನಾನು ಸುಳ್ಳು ಹೇಳಲಿಲ್ಲ. "ಇದರಲ್ಲಿ ನಮ್ಮ ಮನೆ ಇಲ್ಲ ಅಜ್ಜ" ಎಂದೆ. "ಆಗ್ಲಿ, ನಾವು ಇದ್ದೇವಲ್ಲ" ಎಂದರು.

ಇಳಿಸುವುದು ಮಾತ್ರ ಕಷ್ಟ. ಬಜ್ಪೆಯ ನಿಲ್ದಾಣ ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ್ದು. ಮೇಜಿನ ಹಾಗಿದೆ ಎಂದು ಟೇಬಲ್‌ಟಾಪ್ ಎನ್ನುತ್ತಾರೆ. ಸಮುದ್ರಕ್ಕಿಂತ ಸುಮಾರು 100 ಮೀಟರ್ ಎತ್ತರ. ಹಳೆಯ ರನ್‌ವೇ 1615 ಮೀಟರ್ ಉದ್ದ. 2006ರಲ್ಲಿ ಶುರುವಾದ ಹೊಸದು 2450 ಮೀಟರ್. ನಾನು ಬೇಗ ಇಳಿಸುವ ಆಸೆಯಲ್ಲಿ ತುಂಬಾ ಎತ್ತರದಿಂದ, ತುಂಬಾ ಜೋರಾಗಿ ಬಂದೆ. "ಸರಿ ಆಗ್ಲಿಲ್ಲ, ಪುನಃ ಮೇಲೆ ಎತ್ತು" ಎಂದು ಅಣ್ಣ ಹೇಳಿದ. "ಆಗ್ತದೆ, ಆಗ್ತದೆ" ಎಂದು ನಾನು ಒತ್ತಾಯದಿಂದ ಇಳಿಸಲು ನೋಡಿ ಗುಡ್ಡದ ಅಂಚಿನಿಂದ ಕೆಳಗೆ ಹೋದೆ. ನಾನು ನಕ್ಕೆ. ಅಣ್ಣ ನಗಲಿಲ್ಲ.

2010ನೇ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿಯೇ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಮಾತ್ರ ಉಳಿದರು. ಆಗ ನಾನು ಹುಟ್ಟಿರಲಿಲ್ಲ. ಇಳಿಸುವುದು ಬೇಡ, ಮೇಲೆ ಹೋಗುವ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು, ಯಂತ್ರವೂ ಎಚ್ಚರಿಸಿತ್ತು ಎಂದು ತನಿಖೆಯ ವರದಿಯಲ್ಲಿ ಇದೆ ಎಂದು ಅಣ್ಣ ಹೇಳಿದ. ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಮ್ಮ ಕಡೆಯ ಎಷ್ಟೋ ಮನೆಯವರು ಗಲ್ಫಿನಲ್ಲಿ ಇರುವುದು ನಿಮಗೂ ಗೊತ್ತು. ನಾನು ಪುನಃ ಹಾರಿಸಿದೆ. ಈ ಸಲ ಸರಿಯಾಗದಾಗ ನಾನೇ ಮೇಲೆ ಎತ್ತಿದೆ. ಎರಡು ಸಲ ಎತ್ತಿದೆ. ಮೂರನೇ ಸಲ ಇಳಿಯಿತು. ಜೋರಾಗಿ ಕುಪ್ಪಳಿಸಿ, ಅರ್ಧ ಸುತ್ತು ತಿರುಗಿ, ಹುಲ್ಲಿನಲ್ಲಿ ಹೋಗಿ ನಿಂತಿತು.

"ಈಗ ಸರಿಯಾದ ಡಕೋಟ ಆಯ್ತು ನೋಡು" ಎಂದು ಅಜ್ಜ ನಕ್ಕರು. ಎಲ್ಲರೂ ನಕ್ಕೆವು. ಅಣ್ಣ ಸಂಜೆಯ ಬಸ್ಸಿಗೆ ಓಡಿದ. ಹೊಳೆಗೆ ಹೋಗುವುದು ಮುಂದಿನ ರಜೆಗೆ ಬಾಕಿ ಇದೆ, ಅದು ನನ್ನ ಸಾಲ.

ಸುಳ್ಳಿಗೆ ಕಾಲಿಲ್ಲ ಎಂದು ಗಾದೆ ಇದೆ. ಕಾಲಿಲ್ಲದಿದ್ದರೂ ಅದು ನಮ್ಮ ಮನೆಯಲ್ಲಿ ಎರಡು ಗಂಟೆ ಓಡಾಡಿ, ತಮ್ಮನನ್ನು ಅಳಿಸಿ, ಪಂಪಿನ ದುಡ್ಡಿನವರೆಗೆ ಹೋಯಿತು. ಕೆಟ್ಟದ್ದನ್ನು ಸರಿ ಮಾಡಬಹುದು. ಆದರೆ ಕೆಡಿಸಿದ್ದು ಹೇಗೆ ಎಂದು ಕೆಡಿಸಿದವರು ಮೊದಲು ಹೇಳಬೇಕು. ಇಷ್ಟೇ ನಾನು ಕಲಿತದ್ದು.

ನಮ್ಮ ಪಂಪ್ ಈಗ ರಿಪೇರಿ ಆಗಿದೆ. ಡಕೋಟ ನೋಡಬೇಕಾದವರು ಆದಿತ್ಯವಾರ ನಮ್ಮ ಮನೆಗೆ ಬನ್ನಿ. ಚಕ್ರ ಮಡಚುವ ಕೀ ಮಾತ್ರ ತಮ್ಮನದ್ದು. ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

— ಏಳನೇ ತರಗತಿಯ ವಿದ್ಯಾರ್ಥಿನಿ